ಐ.ಜಿ. ರಸ್ತೆಯ ಬೋರ್ಡಿಲ್ಲದ ಬೈಂಡಿಂಗ್ ಅಂಗಡಿ ಮತ್ತು ಅಪ್ಪಯ್ಯನ ಪೇಪರುಗಳು

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಈ ಅಂಗಡಿ ಇದೆ. ಬೋರ್ಡಿಲ್ಲ. ಬಾಗಿಲ ಪಕ್ಕ ರಟ್ಟಿನ ಹಾಳೆಗಳು ಒರಗಿಸಿಟ್ಟಿರುತ್ತವೆ, ಅದೇ ಗುರುತು. ಹಳೆಯ ಪೇಪರು, ಪತ್ರ, ಲೆಕ್ಕದ ಪುಸ್ತಕ ಮನೆಯಲ್ಲಿಟ್ಟುಕೊಂಡು ಏನು ಮಾಡುವುದೆಂದು ತೋಚದವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಪ್ಪಯ್ಯ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಸಂಜೆ ಮೇಲೆ ಕಾಂಗ್ರೆಸ್ ಪಕ್ಷದ ಕೆಲಸ. 1977ರ ಮಾರ್ಚಿಂದ 1980ರ ಜನವರಿವರೆಗಿನ ಪ್ರಜಾವಾಣಿಯಲ್ಲಿ ತಮಗೆ ಬೇಕಾದ ದಿನಗಳದ್ದನ್ನು ಎತ್ತಿಟ್ಟು ಟ್ರಂಕಿನಲ್ಲಿ ತುಂಬಿದ್ದರು. ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಬರಹ: ತೋಟದ ಆಳುಗಳ ಯಾವ ಲೈನ್ ಮನೆಗೆ ಎಷ್ಟು ಮತದಾರರ ಚೀಟಿ, ಯಾರ ಜೀಪು, ಯಾರು ಇನ್ನೂ ಮಾತಾಡಿಲ್ಲ. ಅವರು ಹೋದ ಮೇಲೆ ಅಟ್ಟದಿಂದ ಇಳಿಸಿದಾಗ ಮುಟ್ಟಿದರೆ ಪುಡಿಯಾಗುವ ಸ್ಥಿತಿ.

ಅಂಗಡಿಯ ಯಜಮಾನರು ಒಂದೊಂದೇ ಹಾಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮಡಿಕೆ ಮುರಿದ ಕಡೆ ತೆಳು ಟಿಶ್ಯೂ ಪೇಪರು ಅಂಟಿಸಿ, ಒಣಗಿಸಿ, ಆಮೇಲೆ ದಬ್ಬಣದಲ್ಲಿ ಹೊಲಿಗೆ. ಅಂಟು ಅವರೇ ಕಾಯಿಸುತ್ತಾರೆ. ಮೈದಾ ಗಂಜಿಗೆ ಒಂದು ಚಿಟಿಕೆ ಮೈಲುತುತ್ತ. ಆ ನೀಲಿ ಹರಳು ಕಂಡದ್ದೇ ನನಗೆ ತೋಟದ ಗೋಡೌನು ಕಣ್ಣ ಮುಂದೆ ಬಂತು. ಮಳೆಗಾಲಕ್ಕೆ ಮೊದಲು ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ ಅಪ್ಪಯ್ಯನ ಬೆರಳೆಲ್ಲ ಅದೇ ಬಣ್ಣ. ‘ಹುಳ ಹತ್ತಿರ ಸುಳಿಯಲ್ಲ ಟೀಚರಮ್ಮ’ ಅಂದರು ಯಜಮಾನರು.

ಒಂದು ಸಂಪುಟಕ್ಕೆ 650 ರೂಪಾಯಿ, ರೆಕ್ಸಿನ್ ಹೊದಿಕೆ ಸೇರಿ. ಮೂರು ಸಂಪುಟ ಮಾಡಿಸಿದೆ. ಹೊಲಿಗೆ ಬಿಗಿಯಾಗಿದೆ, ಹಾಗಿದ್ದೂ ಪುಸ್ತಕ ಮೇಜಿನ ಮೇಲೆ ಪೂರ್ತಿ ಬಿಚ್ಚಿ ಮಲಗುತ್ತದೆ. ಈ ಕೆಲಸಕ್ಕೆ ಈ ದುಡ್ಡು ಹೆಚ್ಚಲ್ಲ.

ಬೇಜಾರಾದದ್ದು ಎರಡು. ಮೊದಲ ಸಂಪುಟದ ಅಂಚು ಸಮ ಮಾಡಲು ಹುಡುಗ ಕತ್ತರಿಸುವ ಮಿಷನ್ನಿಗೆ ಕೊಟ್ಟುಬಿಟ್ಟ. ಅಪ್ಪಯ್ಯನ ಪೆನ್ಸಿಲ್ ಬರಹ ಎಷ್ಟೋ ಕಡೆ ಅರ್ಧಕ್ಕೆ ಹೋಯಿತು. ಅಂಚು ಕತ್ತರಿಸಬೇಡಿ ಎಂದು ನಾನು ಮೊದಲೇ ಹೇಳಬೇಕಿತ್ತು, ಅವರೂ ಕೇಳಬೇಕಿತ್ತು. ನೀವು ಹೋದರೆ ಇದನ್ನು ಮೊದಲು ಹೇಳಿ, ಚೀಟಿಯಲ್ಲಿ ಬರೆಸಿ. ಎರಡನೆಯದು, 1978ರ ಸಂಪುಟದಲ್ಲಿ ಜನವರಿಯ ಹಾಳೆಗಳು ಫೆಬ್ರವರಿಯವುಗಳ ಹಿಂದೆ ಹೊಲಿದು ಬಂದಿದ್ದವು. ಬರಿ ಹಳೇ ಪೇಪರು, ಹಿಂದೆಮುಂದೆ ಆದರೇನು ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಸೋತ ಪಕ್ಷ ಎದ್ದು ನಿಂತದ್ದು ಹೇಗೆ ಅನ್ನುವುದೆಲ್ಲ ಆ ಅನುಕ್ರಮದಲ್ಲೇ ಇದೆ.

1977ರ ಮಾರ್ಚಿನಲ್ಲಿ ಕಾಂಗ್ರೆಸ್ಸಿಗೆ ದೇಶದಲ್ಲಿ ಉಳಿದದ್ದು 154 ಸ್ಥಾನ. ತುರ್ತು ಪರಿಸ್ಥಿತಿಯ ಸಿಟ್ಟಿಗೆ ಉತ್ತರ ಪ್ರದೇಶದ 85ರಲ್ಲಿ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ. ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣರ ಎದುರು ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26. ಪಕ್ಷಕ್ಕೆ ಬ್ರಹ್ಮಾನಂದ ರೆಡ್ಡಿ ಅಧ್ಯಕ್ಷರು, ಲೋಕಸಭೆಯಲ್ಲಿ ಯಶವಂತರಾವ್ ಚವಾಣ್ ನಾಯಕರು. ಇಬ್ಬರೂ ಅನುಭವಸ್ಥರೇ. ಆದರೆ ಆ ವರ್ಷದ ಅಂಚುಗಳಲ್ಲಿ ಅಪ್ಪಯ್ಯ ಅವರ ಹೆಸರು ಬರೆದದ್ದು ನನಗೆ ಎಲ್ಲೂ ಸಿಗಲಿಲ್ಲ. ಉಳಿದಿರುವ ಬರಹದಲ್ಲೆಲ್ಲ ‘ಅರಸು’, ‘ಅರಸು’, ಅಂದರೆ ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು. ಆಗಸ್ಟಿನಲ್ಲಿ ಇಂದಿರಾ ಆನೆ ಮೇಲೆ ಕೂತು, ದಲಿತರ ಹತ್ಯೆ ನಡೆದಿದ್ದ ಬಿಹಾರದ ಬೆಲ್ಚಿಗೆ ಹೋದ ಸುದ್ದಿಯ ಪಕ್ಕ ಒಂದೇ ಗೀಟು. ಅಕ್ಟೋಬರ್ 3ರ ಇಂದಿರಾ ಬಂಧನದ ಸುದ್ದಿಗೆ ಎರಡು ಗೀಟು.

1978ರ ಜನವರಿ ಮೊದಲ ವಾರದಲ್ಲಿ ಪಕ್ಷ ಒಡೆಯಿತು. ಇಂದಿರಾ ಬೇರೆ ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು, ಚಿಹ್ನೆಯೂ ಹೊಸದು. ಫೆಬ್ರವರಿಯಲ್ಲಿ ವಿಧಾನಸಭೆ ಚುನಾವಣೆ. ಹಳೆಯ ಚಿಹ್ನೆ ಹಸು ಕರು ನೋಡಿ ಒತ್ತುತ್ತಿದ್ದವರಿಗೆ ಕೈ ತೋರಿಸಿಕೊಡಲು ಸಿಕ್ಕಿದ್ದು ಕೆಲವೇ ವಾರ. ಅಪ್ಪಯ್ಯ ಲೈನ್ ಮನೆಗಳ ಮುಂದೆ ಲಾಟೀನು ಕೆಳಗಿಟ್ಟು, ಅದರ ಮುಂದೆ ಅಂಗೈ ಬಿಚ್ಚಿ ಹಿಡಿದು ಗೋಡೆ ಮೇಲೆ ನೆರಳು ಬೀಳಿಸುತ್ತಿದ್ದರು. ‘ಇದೇ ಗುರುತು, ಬೇರೆ ಏನೂ ನೋಡಬೇಡಿ.’ ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. 224ರಲ್ಲಿ 149 ಸ್ಥಾನ ಬಂತು. ಈ ಎರಡು ತಿಂಗಳು ಅದಲುಬದಲಾದರೆ ಆ ನೆರಳಿಗೆ ಅರ್ಥವೇ ಇರುವುದಿಲ್ಲ. ಯಜಮಾನರಿಗೆ ಇಷ್ಟು ಹೇಳಿದೆ. ಅವರು ಎದುರು ಮಾತಾಡದೆ ದಾರ ಬಿಚ್ಚಿ, ಮತ್ತೆ ಹೊಲಿದು ಕೊಟ್ಟರು. ಮೇಲೆ ಒಂದು ಪೈಸೆ ಕೇಳಲಿಲ್ಲ.

ನವೆಂಬರಿನ ಹಾಳೆಗಳು ತೀರಾ ಹಾಳಾಗಿದ್ದವು, ಅವನ್ನೇ ಅಪ್ಪಯ್ಯ ಹೆಚ್ಚು ಸಲ ಬಿಚ್ಚಿ ಓದಿದ್ದರಿಂದ ಇರಬೇಕು. ನಮ್ಮ ಲೋಕಸಭಾ ಸದಸ್ಯ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು, ಉಪಚುನಾವಣೆಗೆ ಇಂದಿರಾ ನಮ್ಮೂರಿಗೆ ಬಂದು ನಿಂತರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್. 77 ಸಾವಿರಕ್ಕೂ ಹೆಚ್ಚು ಮತಗಳ ಗೆಲುವು. ಇಂದಿರಾ ಅವರ ಹೆಸರೇ ಗೆಲ್ಲಿಸಿತು ಎಂದು ಈಗಲೂ ಹೇಳುತ್ತಾರೆ. ಈ ಹಾಳೆಗಳನ್ನು ಸಾಲಾಗಿ ಓದಿದ ಮೇಲೆ ನಾನು ಅದನ್ನು ಒಪ್ಪುವುದಿಲ್ಲ. ಹೆಸರಿಗೆ ಕಾಲೂರಲು ನೆಲ ಬೇಕಿತ್ತು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಉಳುವವನಿಗೆ ಗೇಣಿ ಭೂಮಿ ಕೊಡಿಸಿದ, ಹಾವನೂರು ಆಯೋಗ ಮಾಡಿಸಿ ಹಿಂದುಳಿದವರಿಗೆ ದನಿ ಕೊಟ್ಟ ದೇವರಾಜ ಅರಸು ಆ ನೆಲವನ್ನು ಮೊದಲೇ ಹದ ಮಾಡಿಟ್ಟಿದ್ದರು. ನಾಯಕಿ ಸಿಕ್ಕಿದ್ದು ದೆಹಲಿಯಲ್ಲಿ ಇರಬಹುದು, ಪಕ್ಷ ಸಿಕ್ಕಿದ್ದು ಇಲ್ಲಿ. ಆ ಡಿಸೆಂಬರಿನಲ್ಲೇ ಲೋಕಸಭೆ ಇಂದಿರಾರನ್ನು ಹೊರಹಾಕಿ ತಿಹಾರಿಗೆ ಕಳಿಸಿದಾಗಲೂ ಅಪ್ಪಯ್ಯ ಕಂಗೆಟ್ಟದ್ದು ಕಾಣುವುದಿಲ್ಲ. ಅಂಚಿನಲ್ಲಿ ಬರೀ ‘ಮತ್ತೆ ಬರುತ್ತಾರೆ’ ಎಂದಿದೆ.

ಮೂರನೆಯ ಸಂಪುಟ ತೆಳ್ಳಗಿದೆ. 1979ರ ಜೂನಿನಲ್ಲಿ ಅರಸು ಅವರನ್ನೇ ಪಕ್ಷದಿಂದ ಹೊರಹಾಕಿದ ಸುದ್ದಿ ಇರುವ ಹಾಳೆಯಲ್ಲಿ ಪೆನ್ಸಿಲ್ ಗುರುತೇ ಇಲ್ಲ. ಆಮೇಲಿನ ಹಾಳೆಗಳಲ್ಲೂ ಇಲ್ಲ. 1980ರ ಜನವರಿಯಲ್ಲಿ 353 ಸ್ಥಾನ ಬಂದು ಇಂದಿರಾ ಮತ್ತೆ ಪ್ರಧಾನಿಯಾದ ದಿನದ ಪೇಪರನ್ನೂ ಅಪ್ಪಯ್ಯ ಎತ್ತಿಟ್ಟಿದ್ದಾರೆ, ಅದರ ಅಂಚೂ ಬಿಳಿಯಾಗೇ ಇದೆ. ನಾಲ್ಕು ಸಲ ಹುಡುಕಿದೆ. ಸೋತ ಹೊತ್ತಿನಲ್ಲಿ ಹೆಗಲು ಕೊಟ್ಟವರನ್ನು ಗೆಲ್ಲುವ ಮೊದಲೇ ಕಳೆದುಕೊಂಡದ್ದು ಅವರಿಗೆ ಎಷ್ಟು ನಾಟಿತ್ತೆಂದು ಆಗ ನನಗೆ ಗೊತ್ತಾಗಲಿಲ್ಲ.

ಅಂಗಡಿ ಬೆಳಿಗ್ಗೆ ಹತ್ತೂವರೆಗೆ ತೆಗೆಯುತ್ತದೆ, ಶುಕ್ರವಾರ ಮಧ್ಯಾಹ್ನ ಇರುವುದಿಲ್ಲ. ಹತ್ತು ದಿನ ಅಂದರೆ ಮೂರು ವಾರ ಹಿಡಿಯುತ್ತದೆ, ಮಳೆಗಾಲದಲ್ಲಿ ಅಂಟು ಒಣಗದೆ ಇನ್ನೂ ತಡ. ಹಾಳೆಗಳಿಗೆ ನೀವೇ ಹಿಂಬದಿಯಲ್ಲಿ ನಂಬರ್ ಹಾಕಿ ಕೊಡಿ. ಮೂರನೆಯದು ತೆಳುವಾದರೆ ಬೆನ್ನು ನಿಲ್ಲುವುದಿಲ್ಲವೆಂದು ಯಜಮಾನರು ಕೊನೆಯಲ್ಲಿ ಇಪ್ಪತ್ತು ಖಾಲಿ ಹಾಳೆ ಸೇರಿಸಿ ಹೊಲಿದಿದ್ದಾರೆ. ಮೊದಲ ಸಂಪುಟದಲ್ಲಿ ಕತ್ತರಿಸಿ ಹೋದ ಬರಹವನ್ನು ನೆನಪಿದ್ದಷ್ಟು ಅದರಲ್ಲಿ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದೇನೆ. ಮೇಲಿನ ಲೈನು, 41 ಚೀಟಿ. ಕೆರೆ ಲೈನು, 26.