ಹಳೆ ಹಾರ್ಡ್ ಬೂಟ್ ಕೊಳ್ಳುವ ಮುಂಚೆ ಅದರ ವಯಸ್ಸು ಕೇಳಿ

ಹಾರ್ಡ್ ಬೂಟ್ ಹಾಕಿ ಸ್ನೋಬೋರ್ಡ್ ಕಾರ್ವಿಂಗ್, ಅಂದರೆ ಹಲಗೆಯ ಅಂಚಿನ ಮೇಲೆ ವಾಲಿ ಹಿಮ ಕೊರೆಯುತ್ತಾ ತಿರುಗುವುದು, ಮಾಡುವವರು ನಮ್ಮ ಕಲಬುರಗಿ ಕಡೆ ಎಷ್ಟು ಜನ ಸಿಗುತ್ತಾರೆ? ಬಹಳ ಕಡಿಮೆ. ಆದರೆ ನನ್ನ ಹಾಗೆ ಕೆಲಸಕ್ಕೆಂದು ಜರ್ಮನಿ, ಆಸ್ಟ್ರಿಯಾ ಕಡೆ ಹೋಗಿ, ಅಲ್ಲಿ ಕಲಿತು, ಊರಿಗೆ ಬಂದ ಮೇಲೂ ಬಿಡಲಾಗದೆ ಹಳೆ ಸಾಮಾನು ಹುಡುಕುವವರು ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಹೋದ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಇಳಿಯುತ್ತಿರುವಾಗಲೇ ನನ್ನ ಬಲಗಾಲಿನ ಬೂಟು ಒಡೆಯಿತು. ಪೆಟ್ಟಾಗಿದ್ದು ಎಡ ಮೊಣಕಾಲಿಗೆ. ಅದು ಹೇಗೆ ಅಂತ ಗೊತ್ತಾಗಬೇಕಾದರೆ ಬೂಟನ್ನು ಬೋರ್ಡ್‌ಗೆ ಹಿಡಿದಿಡುವ ಈ ಬೈಂಡಿಂಗ್ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು.

ಮಾಮೂಲಿ ಸ್ನೋಬೋರ್ಡ್‌ನಲ್ಲಿ ಮೆತ್ತನೆಯ ಬೂಟು, ಅದರ ಮೇಲೆ ಪಟ್ಟಿ. ನಮ್ಮದು ಹಾಗಲ್ಲ. ಬೋರ್ಡ್ ಕಿರಿದು, ಪಾದಗಳು 55-60 ಡಿಗ್ರಿ ಮುಂದಕ್ಕೆ ತಿರುಗಿರುತ್ತವೆ, ಬೂಟು ಸ್ಕೀ ಬೂಟಿನಂತೆ ಗಟ್ಟಿ ಪ್ಲಾಸ್ಟಿಕ್‌ನದು. 2018ರ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಪ್ಯಾರಲಲ್ ಜೈಂಟ್ ಸ್ಲಾಲಮ್ ಅನ್ನುವ ಸ್ನೋಬೋರ್ಡ್ ಸ್ಪರ್ಧೆ ಗೆದ್ದಿದ್ದು ಇಂಥ ಬೂಟಿನಲ್ಲೇ. ಬೋರ್ಡ್ ಮೇಲೆ ಪ್ಲೇಟ್ ಇರುತ್ತದೆ. ಅದರ ಹಿಂದೊಂದು ಮುಂದೊಂದು ಬಾಗಿಸಿದ ಉಕ್ಕಿನ ಸರಳು. ಅದಕ್ಕೆ ಬೇಲ್ ಅನ್ನುತ್ತಾರೆ. ಬೂಟಿನ ಹಿಮ್ಮಡಿಯಲ್ಲಿ ಬೆರಳಗಲದ ಒಂದು ಅಂಚು, ಬೆರಳ ತುದಿಯ ಕಡೆ ಇನ್ನೊಂದು. ಹಿಂದಿನ ಅಂಚನ್ನು ಬೇಲ್ ಕೆಳಗೆ ತೂರಿಸಿ, ಮುಂದಿನ ಲಿವರ್ ಒತ್ತಿದರೆ ಟಕ್ ಅಂತ ಕೂರುತ್ತದೆ. ಇಡೀ ದೇಹದ ಭಾರ, ತಿರುವಿನ ಎಳೆತ, ಎಲ್ಲವೂ ಆ ಎರಡು ಅಂಚುಗಳ ಮೇಲೆ.

ಸ್ಕೀ ಬೈಂಡಿಂಗ್ ಆದರೆ ಬಿದ್ದಾಗ ತಾನೇ ಬಿಚ್ಚಿಕೊಳ್ಳುತ್ತದೆ. ನಮ್ಮದು ಬಿಚ್ಚಿಕೊಳ್ಳುವುದಿಲ್ಲ, ಬಿಚ್ಚಿಕೊಳ್ಳಲೂ ಬಾರದು. ಒಂದು ಕಾಲು ಬಿಟ್ಟು ಇನ್ನೊಂದು ಸಿಕ್ಕಿಕೊಂಡರೆ, ಇಡೀ ಬೋರ್ಡ್ ಆ ಒಂದೇ ಕಾಲನ್ನು ತಿರುಚುತ್ತದೆ. ನನಗೆ ಆಗಿದ್ದು ಅದೇ.

ಬೂಟು ಮತ್ತು ಬೈಂಡಿಂಗ್ ಎರಡೂ ಸೇರಿ 22,000 ರೂಪಾಯಿಗೆ ಆನ್‌ಲೈನ್‌ನಲ್ಲಿ ಒಬ್ಬರಿಂದ ತಗೊಂಡಿದ್ದೆ. ಹೊಸದು ಬೇಕೆಂದರೆ ಅದರ ಎರಡು ಮೂರು ಪಟ್ಟು. "ನಾಲ್ಕೈದು ಸಲ ಮಾತ್ರ ಹಾಕಿದ್ದು ಸರ್, ಹೊಸದರ ಹಾಗೇ ಇದೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಬೂಟಿನ ಮೇಲೆ ಒಂದು ಗೀರೂ ಇರಲಿಲ್ಲ, ಬಕಲ್‌ಗಳು ಹೊಳೆಯುತ್ತಿದ್ದವು, ಅಡಿಭಾಗ ಸವೆದೇ ಇರಲಿಲ್ಲ. ಎಷ್ಟು ಬಳಸಿದ್ದಾರೆ ಅಂತ ಕೇಳಿದೆ. ಯಾವ ವರ್ಷದ್ದು ಅಂತ ಕೇಳಲಿಲ್ಲ. ಅವರೂ ಹೇಳಲಿಲ್ಲ.

ತಂದ ಬೂಟನ್ನು ಮಾಳಿಗೆ ಮೇಲಿನ ಪತ್ರಾಸ್ ಕೋಣೆಯಲ್ಲಿ ಇಟ್ಟೆ. ನಮ್ಮೂರಿನ ಏಪ್ರಿಲ್, ಮೇ ಹೇಗಿರುತ್ತದೆ ಅಂತ ಹೇಳಬೇಕಿಲ್ಲ, ಹೊರಗೇ 42-43 ಡಿಗ್ರಿ. ಪತ್ರಾಸ್ ಕೆಳಗೆ ಅದಕ್ಕಿಂತ ಜಾಸ್ತಿ. ಆಮೇಲೆ ಮಳೆಗಾಲದ ತೇವ. ಹೊರಡುವ ವಾರ ಬೂಟು ಹಾಕಿಕೊಂಡು, ಮನೆಯ ಶಹಾಬಾದ್ ಫರ್ಸಿ ಮೇಲೆ ಬೋರ್ಡ್ ಇಟ್ಟು, ಹಿಂದೆ ಮುಂದೆ ವಾಲಿ ನೋಡಿದ್ದೆ. ಏನೂ ಅಲುಗಾಡಲಿಲ್ಲ. ಆದರೆ 30 ಡಿಗ್ರಿಯಲ್ಲಿ ಮಾಡಿದ ಪರೀಕ್ಷೆ ಅದು. ಚಳಿಗೆ ಪ್ಲಾಸ್ಟಿಕ್ ಇನ್ನಷ್ಟು ಪೆಡಸಾಗುತ್ತದೆ ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಗುಲ್ಮಾರ್ಗ್‌ಗೆ ನನ್ನ ಜೊತೆ ಬೀದರ್‌ನ ಗೆಳೆಯ ಬಂದಿದ್ದ. ಅವನು ಸ್ಕೀ ಮಾಡುತ್ತಾನೆ. ಹಿಂದಿನ ರಾತ್ರಿ ಬೂಟು ಕೈಯಲ್ಲಿ ಹಿಡಿದು, "ಬಿಳಿ ಬೂಟು ಹಳದಿ ಯಾಕ ಆಗ್ಯದೋ?" ಅಂದ. "ಬಣ್ಣ ಅಷ್ಟೇ, ಬಿಡೋ" ಅಂದೆ.

ಬೆಳಿಗ್ಗೆ ಗೊಂಡೋಲಾ ಅನ್ನುವ ಕೇಬಲ್ ಕಾರಿನಲ್ಲಿ ಕೊಂಗ್‌ಡೂರಿಗೆ ಹೋದೆವು, ಸುಮಾರು 3,080 ಮೀಟರ್ ಎತ್ತರ. ರಾತ್ರಿ ಹೊಸ ಹಿಮ ಬಿದ್ದಿರಲಿಲ್ಲ. ಇಳಿಜಾರು ಗಟ್ಟಿಯಾಗಿ, ಕಾರ್ವಿಂಗ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಮೊದಲ ಸಲ ಇಳಿದಾಗ ಮನಸ್ಸು ತುಂಬಿ ಬಂತು. ಎರಡನೇ ಸಲ, ಬೋರ್ಡ್‌ನ ಬೆರಳ ಕಡೆಯ ಅಂಚಿನ ಮೇಲೆ ಪೂರ್ತಿ ವಾಲಿ ತಿರುಗುತ್ತಿದ್ದೆ. ಆಗ ಹಿಮ್ಮಡಿ ಮೇಲೇಳಲು ನೋಡುತ್ತದೆ, ಹಿಂದಿನ ಬೇಲ್ ಅದನ್ನು ಹಿಡಿದಿಡಬೇಕು. ಫಟ್ ಅಂತ ಶಬ್ದ ಬಂತು. ಬಲಗಾಲು ಗಾಳಿಯಲ್ಲಿತ್ತು. ಎಡಗಾಲಿನ ಜೊತೆ ಬೋರ್ಡ್ ಅಡ್ಡ ತಿರುಗಿತು. ಮೊಣಕಾಲಿನೊಳಗೆ ಬಟ್ಟೆ ಹರಿದಂತೆ ಅನ್ನಿಸಿತು. ಪಕ್ಕದಲ್ಲಿ, ಹಿಮದ ಮೇಲೆ, ಬೂಟಿನ ಹಿಮ್ಮಡಿ ಅಂಚಿನ ಪ್ಲಾಸ್ಟಿಕ್ ಚೂರೊಂದು ಬಿದ್ದಿತ್ತು. ಬೇಲ್ ಹಾಗೇ ನೆಟ್ಟಗಿತ್ತು.

ಮೊಣಕಾಲಿನ ಒಳಬದಿಯ ಲಿಗಮೆಂಟ್ ಹರಿದಿತ್ತು. ಸ್ಲೆಡ್ಜ್, ಆಸ್ಪತ್ರೆ, ವಿಮಾನ, ಹೈದರಾಬಾದ್‌ನಿಂದ ಕಾರು. ಮೂರು ತಿಂಗಳು ಬ್ರೇಸ್. ಅವ್ವ ನನ್ನನ್ನು ಬಚ್ಚಲಿಗೆ ಕೈಹಿಡಿದು ಕರೆದೊಯ್ಯಬೇಕಾಯಿತು.

ನಡೆಯಲು ಬಂದ ಮೇಲೆ ಎರಡೂ ಬೂಟು ತಗೊಂಡು ಸೂಪರ್ ಮಾರ್ಕೆಟ್ ಹತ್ತಿರ ಬೂಟು ಹೊಲಿಯುವ ಕಾಕಾನ ಕಡೆ ಹೋದೆ. ಒಡೆಯದ ಎಡ ಬೂಟಿನ ಹಿಮ್ಮಡಿ ಅಂಚಿಗೆ ಅವರು ದಬ್ಬಣ ಇಟ್ಟು ಒತ್ತಿದರು. ಕಟಕ್ ರೊಟ್ಟಿಯ ಹಾಗೆ ಒಂದು ತುಣುಕು ಮುರಿದು ಬಂತು. "ಇದು ಪಿಯು ಅದ ತಮ್ಮಾ. ಮದಿವಿ ಬೂಟು ಡಬ್ಬಿದಾಗ ಇಟ್ಟು ನಾಕ್ ವರ್ಷಕ್ಕ ತೆಗದ್ರ ಸೋಲ್ ಪುಡಿ ಆಗಿರ್ತದಲ್ಲ, ಹಂಗ" ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಪಿಯು ಅಂದರೆ ಪಾಲಿಯುರೆಥೇನ್. ಬಹಳಷ್ಟು ಹಾರ್ಡ್ ಬೂಟುಗಳ ಹೊರಕವಚ ಅದರದ್ದೇ. ಗಾಳಿಯಲ್ಲಿರುವ ತೇವ ಅದರೊಳಗಿನ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತಾ ಹೋಗುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಬೂಟು ಹಾಕದೆ ಸುಮ್ನೆ ಇಟ್ಟರೂ ಇದು ನಿಲ್ಲುವುದಿಲ್ಲ. ಅದಕ್ಕೇ "ಕಡಿಮೆ ಬಳಸಿದ್ದು" ಅನ್ನುವ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಬೂಟಿನ ಒಳಗಿನ ಮೆತ್ತನೆಯ ಪದರ, ಅಂದರೆ ಲೈನರ್ ಎಳೆದು ತೆಗೆದೆ. ಕವಚದ ಒಳಗೋಡೆಯಲ್ಲಿ ಬಟನ್ ಗಾತ್ರದ ಒಂದು ವೃತ್ತ, ಸುತ್ತ ತಿಂಗಳ ಅಂಕಿಗಳು, ನಡುವೆ ಬಾಣ, ಬಾಣದ ಎರಡೂ ಪಕ್ಕ ವರ್ಷದ ಅಂಕಿ. ಅಚ್ಚಿನಲ್ಲೇ ಮೂಡಿದ ಗುರುತು. 05 ಅಂತಿತ್ತು, ಅಂದರೆ 2005. ಕೊಳ್ಳುವ ಮುಂಚೆ ಈ ಒಂದು ಫೋಟೋ ಕೇಳಿದ್ದರೆ ಸಾಕಿತ್ತು.

ಹಾಗಾಗಿ ದಯವಿಟ್ಟು ಲೈನರ್ ತೆಗೆಸಿ ಆ ಗುರುತಿನ ಫೋಟೋ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಬೂಟು ಕೈಗೆ ಸಿಕ್ಕರೆ ಎರಡೂ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಂಥ ಬಿರುಕು ಇದೆಯಾ, ಉಗುರಿನಿಂದ ಕೆರೆದರೆ ಪುಡಿ ಬರುತ್ತದಾ ಅಂತ. ಬಿಳಿ ಬೂಟು ಹಳದಿಯಾಗಿದ್ದರೆ ಇನ್ನಷ್ಟು ಹುಷಾರು. ಎಲ್ಲ ಸರಿ ಕಂಡರೂ ಹತ್ತು ವರ್ಷ ದಾಟಿದ ಪಿಯು ಬೂಟನ್ನು ನಾನಂತೂ ಇನ್ನು ಮುಟ್ಟುವುದಿಲ್ಲ. ಮನೆಯಲ್ಲಿ ಇಡುವಾಗ ಮಾಳಿಗೆ ಬೇಡ, ಪತ್ರಾಸ್ ಕೆಳಗಂತೂ ಬೇಡವೇ ಬೇಡ. ಕೆಳಗಿನ ಕೋಣೆಯಲ್ಲಿ, ಒಣಗಿಸಿ, ಬಿಸಿಲು ತಾಗದ ಹಾಗೆ ಇಡಿ.

ಬೈಂಡಿಂಗ್‌ನ ಸ್ಕ್ರೂ ಬಗ್ಗೆಯೂ ಒಂದು ಮಾತು. ಬೋರ್ಡ್‌ಗೆ ಪ್ಲೇಟ್ ಕೂರಿಸುವುದು ಎಂ6 ಸ್ಕ್ರೂನಿಂದ. ಒಂದು ಕಳೆದಿತ್ತು ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ತಗೊಂಡು ಹಾಕಿದ್ದೆ. ಅದು ನಾಲ್ಕು ಮಿಲಿಮೀಟರ್ ಉದ್ದ ಜಾಸ್ತಿ. ತುದಿ ತಳ ಮುಟ್ಟಿ ನಿಂತಾಗ ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಪ್ಲೇಟ್ ಮಾತ್ರ ಸಡಿಲವೇ ಇರುತ್ತದೆ. ಈಗ ಬೋರ್ಡ್‌ನ ಅಡಿಯಲ್ಲಿ ಆ ಜಾಗದಲ್ಲಿ ಜೋಳದ ಕಾಳಿನಷ್ಟು ಉಬ್ಬಿದೆ. ಕಡ್ಡಿ ಹಾಕಿ ತೂತಿನ ಆಳ ಅಳೆದು, ಪ್ಲೇಟಿನ ದಪ್ಪ ಸೇರಿಸಿ, ಅದಕ್ಕಿಂತ ಒಂದೆರಡು ಮಿಲಿಮೀಟರ್ ಗಿಡ್ಡ ಇರುವುದನ್ನೇ ತಗೊಳ್ಳಿ.

ಮಾರಿದವರಿಗೆ ಫೋಟೋ ಕಳಿಸಿದೆ. "ನೋಡಿಯೇ ತಗೊಂಡಿದ್ದೀರಿ, ಅಲ್ವಾ" ಅಂತ ಬರೆದರು. ಆಮೇಲೆ ಉತ್ತರ ಇಲ್ಲ. ಹಣ ವಾಪಸ್ ಬರುವುದಿಲ್ಲ, ಅದು ಗೊತ್ತು. ಎರಡೂ ಬೂಟು ಎಸೆಯದೆ ಇಟ್ಟಿದ್ದೇನೆ. ಹಳೆ ಬೂಟು ಕೊಳ್ಳುವ ಯೋಚನೆ ಇರುವವರು ಕಲಬುರಗಿಗೆ ಬಂದರೆ ಹೇಳಿ. ಆ ಅಂಚನ್ನು ಒಮ್ಮೆ ನಿಮ್ಮ ಕೈಯಿಂದಲೇ ಒತ್ತಿ ನೋಡುವಿರಂತೆ.