ಕಥಾಸಾರವೆಂದು ಕರೆದು ಟ್ರೀಟ್‌ಮೆಂಟ್ ಬರೆದುಕೊಟ್ಟ ಮೇಲೆ

‘ಮೊದಲು ಒಂದು ಸಿನಾಪ್ಸಿಸ್ ಕಳುಹಿಸಿ, ಆಮೇಲೆ ಬೇಕಾದರೆ ಸ್ವಲ್ಪ ಬೆಳೆಸೋಣ’ ಎಂಬ ಮಾತನ್ನು ಯಾವುದೇ ನಿರ್ಮಾಪಕರಿಂದ ಕೇಳಿದರೂ, ಆ ‘ಸ್ವಲ್ಪ’ ಎಂದರೆ ಎಷ್ಟು ಎಂಬುದನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳದೆ ಒಂದು ಸಾಲನ್ನೂ ಬೆಳೆಸಬೇಡಿ. ನಾನು ಗೊತ್ತುಮಾಡಿಕೊಳ್ಳಲಿಲ್ಲ. 2 ಪುಟದ ಕಥಾಸಾರಕ್ಕೆಂದು ಒಪ್ಪಿಕೊಂಡ ಸಂಭಾವನೆಗೆ ಏಳು ತಿಂಗಳು ಕುಳಿತು 31 ಪುಟಗಳ ಟ್ರೀಟ್‌ಮೆಂಟ್ ಬರೆದುಕೊಟ್ಟೆ. ಆ ಚಿತ್ರ ಆಗಲಿಲ್ಲ. ಆ ಪುಟಗಳೂ ಈಗ ನನ್ನವಲ್ಲ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅವರು ನನಗೆ ಸುಳ್ಳು ಹೇಳಿದರೆಂದೂ ಹೇಳಲಾರೆ. ಎರಡು ಪದಗಳ ನಡುವಿನ ಅಂತರ ಅವರಿಗೆ ಚೆನ್ನಾಗಿ ಗೊತ್ತಿತ್ತು, ನನಗೆ ಅರ್ಧಂಬರ್ಧ ಗೊತ್ತಿತ್ತು.

ಸಿನಾಪ್ಸಿಸ್, ಅಂದರೆ ಕಥಾಸಾರ, ಓದಿ ತೀರ್ಮಾನಿಸುವವರಿಗಾಗಿ ಇರುವ ಬರಹ. ಒಂದು ಪುಟ, ಹೆಚ್ಚೆಂದರೆ ಎರಡು ಮೂರು ಪುಟಗಳಲ್ಲಿ, ವರ್ತಮಾನ ಕಾಲದಲ್ಲಿ, ಕಥೆ ಎಲ್ಲಿ ಹುಟ್ಟಿ ಎಲ್ಲಿ ತಿರುಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಬೇಕು. (ನನ್ನ ಮೊದಲ ಕರಡಿನಲ್ಲಿ ಕೊನೆಯನ್ನು ಬಚ್ಚಿಟ್ಟು ‘ಮುಂದೇನಾಗುತ್ತದೆ?’ ಎಂದು ನಿಲ್ಲಿಸಿದ್ದೆ. ಅದು ಪುಸ್ತಕದ ಬೆನ್ನುಪುಟಕ್ಕೆ ಒಪ್ಪುವ ಜಾಣತನ. ಹಣ ಹೂಡುವವರಿಗೆ ಕೊನೆ ಗೊತ್ತಿರಲೇಬೇಕು.) ಟ್ರೀಟ್‌ಮೆಂಟ್ ಚಿತ್ರವನ್ನು ಕಟ್ಟುವವರಿಗಾಗಿ ಇರುವ ಬರಹ. ಚಿತ್ರಕಥೆಗೆ ಇಳಿಯುವ ಮುನ್ನ ಇಡೀ ಚಿತ್ರವನ್ನು ದೃಶ್ಯದಿಂದ ದೃಶ್ಯಕ್ಕೆ ಗದ್ಯದಲ್ಲಿ ನಡೆಸಿಕೊಂಡು ಹೋಗುವುದು ಅದರ ಕೆಲಸ. ಸಂಭಾಷಣೆ ವಿರಳವಾಗಿರುತ್ತದೆ, ಕ್ರಿಯೆ ಮಾತ್ರ ಪೂರ್ತಿಯಾಗಿ ಇರಬೇಕು. ಕೆಲವರದು ಹತ್ತು ಪುಟದಲ್ಲಿ ಮುಗಿಯುತ್ತದೆ, ಕೆಲವರದು ನಲವತ್ತನ್ನೂ ಮೀರುತ್ತದೆ. ಪುಟಗಳ ವಿಷಯದಲ್ಲಿ ಎಲ್ಲರೂ ಒಪ್ಪಿದ ನಿಯಮವಿಲ್ಲದ ಕಾರಣ, ವ್ಯತ್ಯಾಸವಿರುವುದು ಉದ್ದದಲ್ಲಿ ಎಂದು ತಿಳಿದವರು ನನ್ನಂತೆಯೇ ಎಡವುತ್ತಾರೆ.

ನನ್ನ ಕಥೆಯ ನಾಯಕಿ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತಳಾದವಳು. ಕಥಾಸಾರದಲ್ಲಿ ಅವಳ ಬದುಕಿನ ತಿರುವಿಗೆ ಒಂದೇ ವಾಕ್ಯ ಸಾಕಾಗಿತ್ತು: ‘ತನ್ನ ಹಳೆಯ ಟಿಪ್ಪಣಿ ಪುಸ್ತಕದಿಂದ, ಸಾಕ್ಷ್ಯವನ್ನು ಬೆರಳಚ್ಚಿಗೆ ಇಳಿಸುವಾಗ ತಾನೇ ಮಾಡಿದ ತಪ್ಪಿನಿಂದ ನಿರಪರಾಧಿಯೊಬ್ಬನಿಗೆ ಶಿಕ್ಷೆಯಾಗಿದೆ ಎಂದು ತಿಳಿದು, ಅವಳು ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ.’ ಟ್ರೀಟ್‌ಮೆಂಟಿನಲ್ಲಿ ಅದೇ ಜಾಗ ಹೀಗಾಯಿತು: ‘ರಾತ್ರಿ. ಪೆಟ್ಟಿಗೆಯ ತಳದಿಂದ ತೆಗೆದ ಪುಸ್ತಕದ ಗೆರೆಗಳ ಮೇಲೆ ಅವಳ ಬೆರಳು ಅಭ್ಯಾಸಬಲದಿಂದ ಸರಸರನೆ ಓಡುತ್ತದೆ, ಒಂದು ಸಣ್ಣ ಕೊಕ್ಕೆಯ ಬಳಿ ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ. ಪಕ್ಕದಲ್ಲಿ ಬೆರಳಚ್ಚಿನ ಪ್ರತಿ. ಅಲ್ಲಿ “ಕಂಡೆ” ಎಂದಿದೆ. ಇಲ್ಲಿನ ಕೊಕ್ಕೆ “ಕಾಣಲಿಲ್ಲ” ಎನ್ನುತ್ತಿದೆ. ದೀಪ ಆರಿಸಮ್ಮ ಎಂದು ಒಳಗಿನಿಂದ ಮಗಳು ಕೂಗುತ್ತಾಳೆ. ಅವಳು ಆರಿಸುತ್ತಾಳೆ. ಕತ್ತಲಲ್ಲಿ ಬೆರಳು ಇನ್ನೂ ಆ ಕೊಕ್ಕೆಯ ಮೇಲೆಯೇ ಇದೆ.’ ‘ತಿಳಿದು’ ಎಂಬ ಒಂದು ಪದದಿಂದ ಕಥಾಸಾರ ದಾಟಿಬಿಡುತ್ತದೆ. ಆದರೆ ಆ ತಿಳಿವಳಿಕೆ ತೆರೆಯ ಮೇಲೆ ಕಾಣುವುದು ಹೇಗೆ ಎಂದು ಟ್ರೀಟ್‌ಮೆಂಟ್ ಉತ್ತರಿಸಬೇಕಾಗುತ್ತದೆ.

ನನ್ನ ನಿಜವಾದ ನಷ್ಟ ಇದ್ದದ್ದು ಇನ್ನೊಂದು ವಾಕ್ಯದಲ್ಲಿ. ಕಥಾಸಾರದ ಎರಡನೆಯ ಪುಟದಲ್ಲಿ ನಾನು ಬರೆದಿದ್ದೆ: ‘ದಿನಗಳು ಉರುಳಿದಂತೆ ಅವರಿಬ್ಬರ ನಡುವೆ ನಂಬಿಕೆ ಬೆಳೆಯುತ್ತದೆ.’ ಕಥಾಸಾರಕ್ಕೆ ಈ ವಾಕ್ಯದಿಂದ ಯಾವ ತೊಂದರೆಯೂ ಇಲ್ಲ. ಆದರೆ ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕ ಹಿಡಿದರೆ, ಆ ವಾಕ್ಯದ ಒಳಗೆ ಇಪ್ಪತ್ತೈದು ನಿಮಿಷಗಳ ಚಿತ್ರ ಅಡಗಿತ್ತು, ಮತ್ತು ಅದರಲ್ಲಿ ಒಂದು ದೃಶ್ಯವೂ ನನ್ನ ತಲೆಯಲ್ಲಿ ಹುಟ್ಟಿರಲಿಲ್ಲ. ಜೈಲಿನಿಂದ ಹೊರಬಂದ ಮನುಷ್ಯ, ತನ್ನನ್ನು ಒಳಗೆ ಕಳುಹಿಸಿದ ಕೈಯನ್ನು ಏಕೆ ನಂಬಬೇಕು? ಅವಳು ತಾನು ಯಾರೆಂದು ಮೊದಲೇ ಹೇಳುತ್ತಾಳೆಯೇ, ಮುಚ್ಚಿಡುತ್ತಾಳೆಯೇ? ‘ಈ ಭಾಗ ಸ್ವಲ್ಪ ವಿಸ್ತರಿಸಿ’ ಎಂದು ಅವರು ಕೇಳಿದ್ದು ಸರಿಯಾಗಿ ಇಲ್ಲಿಯೇ. ಕಥೆ ಬಲ್ಲವರು ಕೇಳುವ ಪ್ರಶ್ನೆ ಅದು, ಅವರನ್ನು ದೂರುವಂತಿಲ್ಲ. 6 ಪುಟವಾಯಿತು, 14 ಆಯಿತು. ಅವನು ಓದಲು ಬಾರದವನೆಂದೂ, ಅವಳು ಯಾರೆಂದು ತಿಳಿಯದೆ ತನ್ನದೇ ತೀರ್ಪನ್ನು ಅವಳಿಂದ ಓದಿಸಿಕೊಳ್ಳುತ್ತಾನೆಂದೂ ಹೊಳೆದದ್ದು ನಾಲ್ಕನೆಯ ತಿಂಗಳಿನಲ್ಲಿ. ಆ ದಿನ ನನಗೆ ಬಹಳ ಸಂತೋಷವಾಗಿತ್ತು. ನಾನು ಮಾಡುತ್ತಿರುವುದು ಕಥಾಸಾರದ ತಿದ್ದುಪಡಿಯಲ್ಲ, ಚಿತ್ರಕಥೆಯ ಅತ್ಯಂತ ಕಷ್ಟದ ಪಾಲು ಎಂಬುದು ಮಾತ್ರ ಹೊಳೆಯಲಿಲ್ಲ.

ಒಂದೇ ಪುಟದ ಒಪ್ಪಂದಪತ್ರದಲ್ಲಿ ‘ಕಥಾಸಾರ ಮತ್ತು ಅದರ ಅಗತ್ಯ ಪರಿಷ್ಕರಣೆಗಳು’ ಎಂದಿತ್ತು. ಎಷ್ಟು ಪರಿಷ್ಕರಣೆ, ಎಷ್ಟು ಪುಟದೊಳಗೆ ಎಂದಿರಲಿಲ್ಲ. ಸಂಭಾವನೆ ಸಂದಾಯವಾದೊಡನೆ ‘ಸಲ್ಲಿಸಿದ ಎಲ್ಲ ಬರಹದ’ ಹಕ್ಕು ಅವರದಾಗುತ್ತದೆ ಎಂಬ ಸಾಲೂ ಅದರಲ್ಲೇ ಇತ್ತು. ಹಕ್ಕುಸ್ವಾಮ್ಯ ರಕ್ಷಿಸುವುದು ಅಭಿವ್ಯಕ್ತಿಯನ್ನು, ಬರಿಯ ಕಲ್ಪನೆಯನ್ನಲ್ಲ. ಬೌದ್ಧಿಕ ಆಸ್ತಿಯ ಹಕ್ಕುಗಳನ್ನು ಕುರಿತ 1994ರ ಅಂತರರಾಷ್ಟ್ರೀಯ ಒಪ್ಪಂದವಾದ ಟ್ರಿಪ್ಸ್‌ನ 9ನೆಯ ವಿಧಿ ಇದನ್ನು ನೇರವಾಗಿಯೇ ಹೇಳುತ್ತದೆ. ಕಥಾಸಾರ ಚಿಕ್ಕದಾದಷ್ಟೂ ಅದರಲ್ಲಿ ಉಳಿಯುವುದು ಹೆಚ್ಚಾಗಿ ಕಲ್ಪನೆ. ಪಾತ್ರ, ದೃಶ್ಯ, ಜೋಡಣೆ ಎಂದು ತುಂಬಿಕೊಳ್ಳುವ ಟ್ರೀಟ್‌ಮೆಂಟಿನಲ್ಲಿ ಅಭಿವ್ಯಕ್ತಿಯ ಪಾಲು ಬಹಳ ದೊಡ್ಡದು. ಹೀಗೆ ಕಾನೂನಿನ ಕಣ್ಣಿಗೆ ಹೆಚ್ಚು ಬೆಲೆಯುಳ್ಳದ್ದನ್ನೇ ನಾನು ಕಡಿಮೆ ಬೆಲೆಯ ಹೆಸರಿನಲ್ಲಿ ದಾಟಿಸಿದ್ದೆ. ಯೋಜನೆ ನಿಂತಿತೆಂಬ ಪತ್ರ ಬಂದಾಗ ಟ್ರೀಟ್‌ಮೆಂಟಿನ ಸಂಭಾವನೆ ಕೇಳಿದೆ. ‘ನೀವು ಟ್ರೀಟ್‌ಮೆಂಟ್ ಕೊಟ್ಟಿಲ್ಲವಲ್ಲ’ ಎಂದು ಉತ್ತರ ಬಂತು, ಜೊತೆಗೆ ನಾನು ಕಳುಹಿಸಿದ್ದ ಕಡತಗಳ ಪಟ್ಟಿ. ಒಂಬತ್ತಕ್ಕೆ ಒಂಬತ್ತಕ್ಕೂ ‘ಸಿನಾಪ್ಸಿಸ್’ ಎಂದೇ ಹೆಸರು, ಇಟ್ಟವನು ನಾನೇ.

ಅಮೆರಿಕದ ಚಿತ್ರ, ಟಿವಿ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್‌ನ ಒಪ್ಪಂದದಲ್ಲಿ ಟ್ರೀಟ್‌ಮೆಂಟ್, ಚಿತ್ರಕಥೆಯ ಮೊದಲ ಕರಡು, ಮರುಬರಹ, ಕೊನೆಯ ನಯಗೊಳಿಸುವಿಕೆ ಇವು ಬೇರೆ ಬೇರೆ ಹಂತಗಳು, ಒಂದೊಂದಕ್ಕೂ ಬೇರೆ ಕನಿಷ್ಠ ಸಂಭಾವನೆ. ಕಥೆ ಹೇಳಲು ಹೋದಾಗ ಬರೆದ ಹಾಳೆಗಳನ್ನು ಅಲ್ಲಿಯೇ ಬಿಟ್ಟು ಬರಬೇಡಿರೆಂದು ಅದು ಸದಸ್ಯರಿಗಾಗಿ ಅಭಿಯಾನವನ್ನೇ ನಡೆಸಿದೆ. ಇದನ್ನು ಮೊದಲ ಬಾರಿ ಓದಿದಾಗ ನನಗೆ ಅತಿ ಎಚ್ಚರಿಕೆಯೆನಿಸಿತ್ತು.

ಇನ್ನೊಂದು ಗೊಂದಲವನ್ನೂ ಹೇಳಿಬಿಡಬೇಕು. ‘ಟ್ರೀಟ್‌ಮೆಂಟ್ ಚೆನ್ನಾಗಿದೆ’ ಎಂದು ಪ್ರೇಕ್ಷಕರು ಹೇಳುವುದು ನಿರೂಪಣೆಯ ರೀತಿಯನ್ನು ಕುರಿತು. ಜಾಹೀರಾತಿನವರು ಕೇಳುವ ಟ್ರೀಟ್‌ಮೆಂಟ್ ಬಣ್ಣ, ಬೆಳಕು, ಧಾಟಿಗಳನ್ನು ಚಿತ್ರಗಳ ಸಹಿತ ವಿವರಿಸುವ ನಿರ್ದೇಶಕರ ಟಿಪ್ಪಣಿ. ಒಂದೇ ಪದಕ್ಕೆ ಮೂರು ಅರ್ಥಗಳಿರುವಾಗ ಕೇಳುವವರ ಮನಸ್ಸಿನಲ್ಲಿರುವುದು ಯಾವುದೆಂದು ಕೇಳಿ ತಿಳಿಯಲು ನಾಚಿಕೆಪಡಬಾರದು. ಒಪ್ಪಂದದಲ್ಲಿ ಪದ ಯಾವುದಿದ್ದರೂ, ಗರಿಷ್ಠ ಪುಟ, ದೃಶ್ಯವಾರು ವಿವರ ಬೇಕೇ ಬೇಡವೇ, ಎಷ್ಟು ಪರಿಷ್ಕರಣೆ, ಹಣ ಸಂದಾಯವಾಗುವ ಹಂತ, ಚಿತ್ರ ಆಗದಿದ್ದರೆ ಹಕ್ಕು ಎಷ್ಟು ಕಾಲದ ಬಳಿಕ ಹಿಂದಿರುಗುತ್ತದೆ ಎಂಬಿಷ್ಟನ್ನು ಅಂಕಿಗಳಲ್ಲಿ ಬರೆಸಿಕೊಳ್ಳಿ. ಕಥಾಸಾರದ ತಿದ್ದುಪಡಿ ಎಂದು ಬಂದ ಪ್ರಶ್ನೆಗೆ ಉತ್ತರಿಸಲು ಹೊಸ ದೃಶ್ಯ ಹುಟ್ಟಿಸಬೇಕಾಗಿ ಬಂದರೆ, ಅಲ್ಲಿಗೆ ಕಥಾಸಾರದ ಎಲ್ಲೆ ಮುಗಿಯಿತೆಂದು ತಿಳಿದು ಪೆನ್ನು ಕೆಳಗಿಟ್ಟು ಪತ್ರ ಬರೆಯಿರಿ.

ಕಳೆದ ತಿಂಗಳು ಬೇರೊಬ್ಬರು ನನ್ನ ಇನ್ನೊಂದು ಕಥೆಗೆ ‘ಸ್ವಲ್ಪ ದೊಡ್ಡ ಸಿನಾಪ್ಸಿಸ್’ ಕೇಳಿದರು. ಎಷ್ಟು ಪುಟ, ದೃಶ್ಯವಾರು ಬೇಕೇ ಎಂದು ಎರಡೇ ಸಾಲಿನಲ್ಲಿ ವಿಚಾರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನಾನೂ ಏನನ್ನೂ ಕಳುಹಿಸಿಲ್ಲ.