ಔಟ್‌ಬೋರ್ಡ್ ಎಂಜಿನ್ ಮರಳಿ ಜೋಡಿಸುವಾಗ ಉಳಿದ ಸಂದನ್ನು ಬೋಲ್ಟ್ ಬಿಗಿದು ಮುಚ್ಚಬೇಡಿ

ಕಾವೇರಿ ದಂಡೆಯಲ್ಲಿ ಮೋಟಾರು ದೋಣಿ ಇಟ್ಟುಕೊಂಡಿರುವ, ಮಳೆಗಾಲಕ್ಕೆ ಮುಂಚೆ ಅದರ ಎಂಜಿನ್ನನ್ನು ತಾವೇ ಬಿಚ್ಚಿ ಸರ್ವಿಸ್ ಮಾಡಿಕೊಳ್ಳುವ ಯೋಚನೆಯಲ್ಲಿರುವ ತೋಟದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಜೂನ್‌ನಲ್ಲಿ ನಾನು ನನ್ನ ಕೈಯಾರೆ ಜೋಡಿಸಿದ ಎಂಜಿನ್ ಒಂದೇ ಬೆಳಿಗ್ಗೆ ಎರಡು ಸಲ ಅಪಾಯ ತಂದಿತು. ಮೊದಲ ಸಲ ನನ್ನ ಚಿಕ್ಕಪ್ಪನ ಮಗನ ಕಾಲು ಪ್ರೊಪೆಲ್ಲರಿಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತು. ಅದಾದ ಕಾಲು ಗಂಟೆಯೊಳಗೆ ನಡುಹೊಳೆಯಲ್ಲಿ ಎಂಜಿನ್ ಹಿಡಿದುಕೊಂಡು ನಿಂತು, ನಾವಿಬ್ಬರೂ ಹರಿವಿನ ಪಾಲಾದೆವು. ಬಿಚ್ಚುವ ಕೆಲಸದಲ್ಲಿ ಏನೂ ತಪ್ಪಾಗಿರಲಿಲ್ಲ. ಎರಡು ತಪ್ಪುಗಳೂ ಮರಳಿ ಕೂಡಿಸುವಾಗ, ಅದೂ ಕೊನೆಯ ಅರ್ಧ ಗಂಟೆಯಲ್ಲಿ ಆದವು.

2019ರ ಆಗಸ್ಟ್‌ನಲ್ಲಿ ಕೊಡಗಿನ ಕರಡಿಗೋಡು, ನೆಲ್ಯಹುದಿಕೇರಿ, ಗುಹ್ಯದ ಕಡೆ ಹೊಳೆ ಮನೆಗಳೊಳಗೆ ನುಗ್ಗಿದ್ದನ್ನು ಕಂಡ ಮೇಲೆ ನಮ್ಮ ಮನೆಯಲ್ಲಿ ದೋಣಿಯೊಂದು ಇರಲೇಬೇಕೆಂದು ತೀರ್ಮಾನವಾಯಿತು. ನಮ್ಮ ತೋಟದ ಒಂದು ತುಂಡು ಹೊಳೆಯಾಚೆ ಇರುವುದರಿಂದ ಉಳಿದ ದಿನಗಳಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ಫೈಬರ್ ದೋಣಿಯನ್ನೂ ಅದರ ಹಿಂತುದಿಗೆ ಹೊರಗಿನಿಂದ ಸಿಕ್ಕಿಸುವ, ಎಂಟು ಅಶ್ವಶಕ್ತಿಯ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನನ್ನೂ ಕರಾವಳಿಯಿಂದ ತರಿಸಿದೆವು. ಇಂಥ ಎಂಜಿನ್ ಬಲ್ಲ ಮೆಕ್ಯಾನಿಕ್ ನಮ್ಮ ಹತ್ತಿರದಲ್ಲಿ ಯಾರೂ ಇಲ್ಲ. ಸಂಪಾಜೆ ಘಾಟಿ ಇಳಿದು ಮಂಗಳೂರಿನ ದಕ್ಕೆಗೆ (ಮೀನುದೋಣಿಗಳ ಬಂದರಿಗೆ) ಹೋಗಬೇಕು, ಇಲ್ಲವೇ ಮಾಕುಟ್ಟದ ದಾರಿಯಲ್ಲಿ ಕೇರಳದ ಕರಾವಳಿಗೆ ಇಳಿಯಬೇಕು. ಹೀಗಾಗಿ ನಾನೇ ಸ್ಪ್ಯಾನರ್ ಹಿಡಿದೆ.

ಧೈರ್ಯ ಎಲ್ಲಿಂದ ಬಂತೆಂದರೆ, ಕಳೆ ಕೊಚ್ಚುವ ಯಂತ್ರದಿಂದ. ಅದರದೂ ಟೂ ಸ್ಟ್ರೋಕ್ ಎಂಜಿನ್ನೇ. ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಪ್ಲಗ್ ಬದಲಿಸುವುದು, ರಿಂಗ್ ಹಾಕುವುದು ನಮ್ಮಂಥವರಿಗೆ ಹೊಸದಲ್ಲ. ಆದರೆ ಕಳೆಯಂತ್ರವನ್ನು ತಣ್ಣಗಿಡುವುದು ಗಾಳಿ. ಔಟ್‌ಬೋರ್ಡ್ ಎಂಜಿನ್ ತಣ್ಣಗಿರಬೇಕಾದರೆ ಹೊಳೆಯ ನೀರು ಕೆಳಗಿನ ಪಂಪ್‌ನಿಂದ ಮೇಲಿನ ಸಿಲಿಂಡರ್‌ವರೆಗೆ ಏರಬೇಕು, ಮತ್ತು ಆ ನೀರು ಏರುವ ದಾರಿ ನಾವು ಸರ್ವಿಸ್‌ಗೆಂದು ಬಿಚ್ಚುವ ಜಾಗದಲ್ಲಿಯೇ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತದೆ. ಎಂಜಿನ್ನಿನ ಬಗ್ಗೆ ನನಗೆ ತಿಳಿದದ್ದರಲ್ಲಿ ಈ ಒಂದು ವಿಷಯ ಇರಲಿಲ್ಲ.

ಕೆಲಸ ಹೀಗಿರುತ್ತದೆ. ಎಂಜಿನ್ನಿನ ತಳದಲ್ಲಿ ಗೇರುಗಳೂ ಪ್ರೊಪೆಲ್ಲರೂ (ದಕ್ಕೆಯಲ್ಲಿ ಇದಕ್ಕೆ ಫ್ಯಾನ್ ಎನ್ನುತ್ತಾರೆ) ಇರುವ ಗೇರ್ ಕೇಸ್ ಇದೆ. ಗೇರ್ ಬದಲಿಸುವ ಕಂಬಿಯ ಕೀಲನ್ನು ಬಿಡಿಸಿ, ಸುತ್ತಲಿನ ಬೋಲ್ಟುಗಳನ್ನು ತೆಗೆದರೆ ಇಡೀ ಗೇರ್ ಕೇಸ್ ಕೆಳಗೆ ಜಾರುತ್ತದೆ. ಅದರ ನೆತ್ತಿಯ ಮೇಲೆ ನೀರಿನ ಪಂಪ್ ಕುಳಿತಿರುತ್ತದೆ. ಅದರೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ನಮ್ಮ ಹೊಳೆಯ ಮರಳಿಗೂ ಗೋಡಿಗೂ ಬೇಗನೆ ಸವೆಯುತ್ತದೆ. ನನ್ನದರ ಎಲೆಗಳು ಬಾಗಿದಂತೆಯೇ ಗಟ್ಟಿಯಾಗಿದ್ದವು. ಹೊಸದನ್ನು ಹಾಕುವಾಗ ಎಂಜಿನ್ನಿನ ತಿರುಗುವಿಕೆಯನ್ನು ಕೆಳಗಿನ ಗೇರಿಗೆ ಮುಟ್ಟಿಸುವ ಡ್ರೈವ್ ಶಾಫ್ಟನ್ನು ಮೇಲಿನಿಂದ ನೋಡಿದಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಕವಚವನ್ನು ಒತ್ತಬೇಕು, ಆಗ ಎಲೆಗಳು ಸರಿಯಾದ ದಿಕ್ಕಿಗೆ ಬಾಗಿಕೊಳ್ಳುತ್ತವೆ. ಅನಂತರ ಶಾಫ್ಟನ್ನು ಎಂದಿಗೂ ಹಿಂದಕ್ಕೆ ತಿರುಗಿಸಬಾರದು. ಶಾಫ್ಟಿನ ಮೇಲ್ತುದಿಯ ಹಲ್ಲುಗಳ ಬದಿಗಳಿಗೆ ಮಾತ್ರ ತೆಳುವಾಗಿ ಗ್ರೀಸ್ ಸವರಬೇಕು, ನೆತ್ತಿಗೆ ಸವರಬಾರದು. ನೆತ್ತಿಯ ಗ್ರೀಸ್ ಕ್ರ್ಯಾಂಕ್‌ಶಾಫ್ಟಿನ ಕುಳಿಯಲ್ಲಿ ಸಿಕ್ಕಿಕೊಂಡು ಶಾಫ್ಟ್ ಪೂರ್ತಿ ಒಳಗೆ ಹೋಗದಂತೆ ತಡೆಯುತ್ತದೆ. ಇಷ್ಟನ್ನೂ ನಾನು ಸರಿಯಾಗಿಯೇ ಮಾಡಿದ್ದೆ.

ತೊಂದರೆ ಶುರುವಾದದ್ದು ಗೇರ್ ಕೇಸನ್ನು ಮೇಲೆತ್ತಿ ಕೂರಿಸುವಾಗ. ಒಂದೇ ಸಲಕ್ಕೆ ಮೂರು ಕೂಡಬೇಕು: ಡ್ರೈವ್ ಶಾಫ್ಟಿನ ಹಲ್ಲುಗಳು ಕ್ರ್ಯಾಂಕ್‌ಶಾಫ್ಟಿನೊಳಗೆ ಸೇರಬೇಕು, ಗೇರಿನ ಕಂಬಿ ತನ್ನ ಜೋಡಿಯ ನೇರಕ್ಕೆ ಬರಬೇಕು, ಮೇಲಿನಿಂದ ಇಳಿಬಿದ್ದ ನೀರಿನ ಕೊಳವೆ ಪಂಪ್‌ನ ರಬ್ಬರ್ ಬಾಯೊಳಗೆ ಇಳಿಯಬೇಕು. ಇವುಗಳಲ್ಲಿ ಕೊಳವೆಯ ಕೂಡಿಕೆ ಕಣ್ಣಿಗೆ ಕಾಣುವುದೇ ಇಲ್ಲ. ಮೊದಲ ಯತ್ನದಲ್ಲಿ ಎರಡು ಬೆರಳಗಲ ಸಂದು ಉಳಿಯಿತು. ಹಲ್ಲು ಕೂಡಿಲ್ಲವೆಂದು ಅರ್ಥ ಮಾಡಿಕೊಂಡು, ಗೇರಿನ ಕಂಬಿಯನ್ನು ಕೈಯಿಂದಲೇ ಎಳೆದು ಗೇರ್ ಕೇಸನ್ನು ಮುಂದಿನ ಗೇರಿಗೆ ಹಾಕಿ, ಪ್ರೊಪೆಲ್ಲರ್ ಶಾಫ್ಟನ್ನು ನಿಧಾನವಾಗಿ ತಿರುಗಿಸಿದೆ. ಡ್ರೈವ್ ಶಾಫ್ಟ್ ತಿರುಗಿತು, ಹಲ್ಲುಗಳು ಕೂಡಿದವು, ಗೇರ್ ಕೇಸ್ ಟಕ್ಕನೆ ಮೇಲೇರಿತು. ಈ ಉಪಾಯದಲ್ಲಿ ತಪ್ಪೇನಿಲ್ಲ. ಕೆಳಗೆ ಗೇರ್ ಮುಂದಕ್ಕೆ ಬಿದ್ದಿದೆ, ಮೇಲೆ ಗೇರ್ ಬದಲಿಸುವ ಹಿಡಿ ನ್ಯೂಟ್ರಲ್‌ನಲ್ಲಿದೆ ಎಂಬುದನ್ನು ಮರೆತು, ಕಂಬಿಯ ಕೀಲನ್ನು ಹಾಗೆಯೇ ಬಿಗಿದದ್ದು ನನ್ನ ಮೊದಲ ತಪ್ಪು.

ಎರಡನೆಯದು ಅದಕ್ಕಿಂತ ಕೆಟ್ಟದ್ದು. ಹಲ್ಲು ಕೂಡಿದ ಮೇಲೆಯೂ ಸುತ್ತಲೂ ಕಿರುಬೆರಳಿನ ಉಗುರಿನಷ್ಟು ಸಂದು ಉಳಿದಿತ್ತು. ಕೈಯಿಂದ ಒತ್ತಿದರೆ ರಬ್ಬರಿನ ಮೇಲೆ ಕುಳಿತಂತೆ ಮೆತ್ತಗೆ ಹಿಂದಕ್ಕೆ ತಳ್ಳುತ್ತಿತ್ತು. ಹೊಸ ರಬ್ಬರ್ ಬಾಯಿ ಬಿಗಿಯಾಗಿರುವುದರಿಂದ ಹೀಗಾಗಿರಬೇಕು ಎಂದುಕೊಂಡು, ನಾಲ್ಕು ಬೋಲ್ಟುಗಳನ್ನೂ ಹಾಕಿ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆ. ಸಂದು ಮುಚ್ಚಿತು. ಮೂರನೆಯ ಬೋಲ್ಟಿನ ಹೊತ್ತಿಗೆ ಒಳಗೆಲ್ಲೋ ‘ಕಿರ್ರ್’ ಎಂದ ಸದ್ದನ್ನು ನಾನು ಕೇಳಿದ್ದೆ. ಈಗಲೂ ಅದು ಕಿವಿಯಲ್ಲಿದೆ. ಅದು ನೀರಿನ ಕೊಳವೆಯ ತುದಿ ರಬ್ಬರ್ ಬಾಯೊಳಗೆ ಇಳಿಯದೆ, ಅದರ ಅಂಚಿಗೆ ಒತ್ತಿಕೊಂಡು ಮಡಚಿಕೊಂಡ ಸದ್ದು.

ಪರೀಕ್ಷೆ ಮಾಡದೆ ಹೊಳೆಗಿಳಿದೆನೆಂದು ಯಾರೂ ತಿಳಿಯಬಾರದು. 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ ಓಡಿಸಿದ್ದೆ. (ನಮ್ಮ ತೋಟಗಳಲ್ಲಿ ಇಂಥ ಡ್ರಮ್ಮುಗಳೆಲ್ಲ ಬೋರ್ಡೋ ದ್ರಾವಣ ಕಲಸಿದಂಥವು. ಅದರಲ್ಲಿರುವ ಮೈಲುತುತ್ತ ಎಂಜಿನ್ನಿನ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಆದ್ದರಿಂದ ಇದಕ್ಕೆ ಬೇರೆಯೇ ಡ್ರಮ್ ಇಡಿ.) ಪ್ರೊಪೆಲ್ಲರ್ ಡ್ರಮ್ಮಿಗೆ ತಾಗಬಾರದೆಂದು ಅದನ್ನು ಕಳಚಿದ್ದೆ. ಹಾಗೆ ಕಳಚುವುದು ಸರಿಯಾದ ಕ್ರಮವೇ. ಆದರೆ ನ್ಯೂಟ್ರಲ್‌ನಲ್ಲಿಯೂ ಶಾಫ್ಟ್ ತಿರುಗುತ್ತಿದ್ದುದು ಆ ಕಲಕಿದ ನೀರಿನಲ್ಲಿ ಕಾಣಲಿಲ್ಲ. ಹಿಡಿ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯಲು ಬಿಡದ ತಡೆಯೊಂದು ಈ ಎಂಜಿನ್ನಿನಲ್ಲಿ ಇದೆ, ಅದನ್ನೂ ನಂಬಿದ್ದೆ. ಆ ತಡೆ ನೋಡುವುದು ಮೇಲಿನ ಹಿಡಿಯನ್ನು ಮಾತ್ರ; ಕೆಳಗೆ ಗೇರ್ ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು.

ಇನ್ನು ನೀರು. ಪಂಪ್ ಸರಿಯಾಗಿದ್ದರೆ ಎಂಜಿನ್ನಿನ ಹಿಂಬದಿಯ ಸಣ್ಣ ತೂತಿನಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ ಬಿಡದೆ ಚಿಮ್ಮುತ್ತದೆ. ನನ್ನದರಲ್ಲಿ ಧಾರೆಯ ಬದಲು ತೊಟ್ಟಿಕ್ಕುತ್ತಿತ್ತು. ನನಗೆ ಅನುಮಾನ ಬರದಿರಲು ಕಾರಣವಿತ್ತು. ಹಿಂದಿನ ಎರಡು ವರ್ಷಗಳಲ್ಲಿಯೂ ಶೆಡ್ಡಿನಲ್ಲಿಟ್ಟ ಎಂಜಿನ್ನಿನ ಆ ತೂತಿನೊಳಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ತಂತಿ ಹಾಕಿ ಕೆದಕಿದ ಮೇಲೆ ಧಾರೆ ಸರಿಹೋಗಿತ್ತು. ಈ ಸಲವೂ ಅದೇ ಇರಬೇಕೆಂದು ತಂತಿ ಹಾಕಿದೆ. ಚೂರು ಮಣ್ಣು ಬಂತು, ತೊಟ್ಟು ಚೂರು ಹೆಚ್ಚಾಯಿತು. ಜೊತೆಗೆ ಹೊಗೆಯ ಕಿಂಡಿಯಿಂದಲೂ ನೀರಿನ ಹನಿ ಸಿಡಿಯುತ್ತಿತ್ತು. ಆ ಹನಿಗೂ ತಂಪಿನ ನೀರಿನ ಧಾರೆಗೂ ಸಂಬಂಧವಿಲ್ಲ, ಡ್ರಮ್ಮಿನ ನೀರೇ ಹೊಗೆಯೊಂದಿಗೆ ಉಗುಳಿಕೊಂಡು ಬರುತ್ತದೆ. ಇವೆರಡನ್ನೂ ಕೂಡಿಸಿ ನೀರು ಏರುತ್ತಿದೆ ಎಂದು ತೀರ್ಮಾನಿಸಿದೆ. ನಿಧಾನ ವೇಗದಲ್ಲಿ ಎರಡು ಮೂರು ನಿಮಿಷ ಓಡಿದ್ದರಿಂದ ಎಂಜಿನ್ ಅಷ್ಟೇನೂ ಕಾಯಲಿಲ್ಲ.

ಜೂನ್ ಮಧ್ಯದ ಹೊತ್ತಿಗೆ ಹೊಳೆ ಕೆಂಪಾಗಿ ಏರುತ್ತಿತ್ತು. ಬೆಳಿಗ್ಗೆ ಏಳೂವರೆಗೆ ನಾನೂ ತಮ್ಮನೂ (ಆ ಚಿಕ್ಕಪ್ಪನ ಮಗ) ದೋಣಿ ಇಳಿಸಿದೆವು. ಅವನು ತೊಡೆಮಟ್ಟದ ನೀರಿನಲ್ಲಿ ದೋಣಿಯ ಹಿಂತುದಿಯ ಪಕ್ಕ ನಿಂತು ಅಂಚು ಹಿಡಿದುಕೊಂಡಿದ್ದ. ನಾನು ಹಿಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹಗ್ಗ ಎಳೆದೆ. ಎಂಜಿನ್ ಹತ್ತಿದ ಕ್ಷಣವೇ ದೋಣಿ ಮುಂದಕ್ಕೆ ನೆಗೆಯಿತು, ಹಿಂತುದಿ ಅವನ ಕಡೆಗೆ ಹೊರಳಿತು. ಅವನು ಅಂಚು ಬಿಟ್ಟು ಹಿಂದಕ್ಕೆ ಬಿದ್ದ. ಮಣಿಕಟ್ಟಿಗೆ ಸುತ್ತಿಕೊಂಡಿದ್ದ ಕೆಂಪು ಕಿಲ್ ಹಗ್ಗವನ್ನು ನಾನು ಕಿತ್ತದ್ದರಿಂದ ಎಂಜಿನ್ ನಿಂತಿತು. “ಅಣ್ಣಾ, ನ್ಯೂಟ್ರಲ್ ಅಂದ್ರಲ್ಲ?” ಎಂದು ಅವನು ಕೇಳಿದಾಗ ಅವನ ದನಿ ನಡುಗುತ್ತಿತ್ತು. ಅವನ ಪ್ಯಾಂಟಿನ ಅಂಚು ಮೊಣಕಾಲಿನ ಕೆಳಗೆ ಒಂದು ಗೇಣು ಹರಿದಿತ್ತು. ಚರ್ಮಕ್ಕೆ ತಾಗಿರಲಿಲ್ಲ.

ಆಗಲೇ ದೋಣಿಯನ್ನು ದಡಕ್ಕೆಳೆದು ಎಂಜಿನ್ನನ್ನು ಶೆಡ್ಡಿಗೆ ಹೊರಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ಏನು ತಪ್ಪಾಗಿದೆಯೆಂದು ತಕ್ಷಣ ಹೊಳೆಯಿತು. ನನ್ನ ಎಂಜಿನ್ನಿನಲ್ಲಿ ಕಂಬಿಯ ಕೀಲು ಹೊರಗಿನಿಂದಲೇ ಕೈಗೆ ಸಿಗುತ್ತದೆ. ಅಲ್ಲೇ ಸಡಿಲಿಸಿ, ಮೇಲೆ ಹಿಡಿಯನ್ನೂ ಕೆಳಗೆ ಗೇರನ್ನೂ ನ್ಯೂಟ್ರಲ್‌ಗೆ ತಂದು, ಪ್ರೊಪೆಲ್ಲರ್ ಎರಡೂ ಕಡೆಗೆ ಸರಾಗವಾಗಿ ತಿರುಗುವುದನ್ನು ಕೈಯಿಂದ ನೋಡಿ ಬಿಗಿದೆ. ತಪ್ಪು ಸಿಕ್ಕಿತು, ಸರಿಯಾಯಿತು ಎಂಬ ಸಮಾಧಾನದಲ್ಲಿ ನಾವು ಹೊರಟೆವು. ಒಂದು ಕೂಡಿಕೆಯಲ್ಲಿ ತಪ್ಪಿದ್ದ ಕೈ ಅದೇ ಹೊತ್ತಿನಲ್ಲಿ ಮಾಡಿದ ಉಳಿದ ಎರಡು ಕೂಡಿಕೆಗಳಲ್ಲಿಯೂ ತಪ್ಪಿರಬಹುದೆಂಬ ಯೋಚನೆ ಬರಲೇ ಇಲ್ಲ. ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಜಾಗ ಇದು.

ಹರಿವಿಗೆದುರಾಗಿ ಪೂರ್ತಿ ಆಕ್ಸಿಲೇಟರ್ ಕೊಟ್ಟು ನಡುಹೊಳೆಗೆ ಬಂದಿದ್ದೆವಷ್ಟೆ, ಬಣ್ಣ ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ತೂತಿನಿಂದ ತೊಟ್ಟೂ ಇಲ್ಲ, ಬರಿಯ ಹಬೆ. ಈ ಹಳೆಯ ಎಂಜಿನ್ನಿಗೆ ಬಿಸಿಯಾದರೆ ಕೂಗುವ ಅಲಾರಂ ಇಲ್ಲ. ನಾನು ವೇಗ ಇಳಿಸುವಷ್ಟರಲ್ಲಿ ಎಂಜಿನ್ ಭಾರವಾಗಿ, ಕರಕರ ಎಂದು, ನಿಂತೇಬಿಟ್ಟಿತು. ಹಗ್ಗ ಎಳೆದರೆ ಅಲುಗಲಿಲ್ಲ. ಕಾದು ಉಬ್ಬಿದ ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿದಿತ್ತು. ದೋಣಿಯಲ್ಲಿ ಇದ್ದದ್ದು ಒಂದೇ ಹುಟ್ಟು. ಕೆಳಗೆ ಬಂಡೆಗಳ ಸಾಲಿನ ಮೊರೆತ ಕೇಳಿಸುತ್ತಿತ್ತು. ತಮ್ಮ ಹುಟ್ಟು ಹಾಕಿದ, ನಾನು ಕೈಯಿಂದಲೇ ನೀರು ತಳ್ಳಿದೆ. ಕೊನೆಗೆ ಹೊಳೆಗೆ ಬಾಗಿದ್ದ ಹೊಳೆಮತ್ತಿಯ ಕೊಂಬೆಗೆ ಹಗ್ಗ ಸುತ್ತಿ ನಿಂತಾಗ ಬಂಡೆಗಳ ಬಿಳಿ ನೊರೆ ನಮಗೆ ಕಾಣುತ್ತಿತ್ತು. ಲೈಫ್ ಜಾಕೆಟ್ ಹಾಕಿಕೊಂಡಿದ್ದೆವು, ಅದೊಂದು ಪುಣ್ಯ.

ಎಂಜಿನ್ನನ್ನು ದಕ್ಕೆಗೆ ಒಯ್ದೆ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಗೇರ್ ಕೇಸ್ ಇಳಿಸಿ, ಮಾತಿಲ್ಲದೆ ಕೊಳವೆಯನ್ನು ನನ್ನ ಕೈಗಿಟ್ಟರು. ಅದರ ತುದಿ ಅರ್ಧ ಮಡಚಿ, ಒಣಗಿದ ಕಾಳುಮೆಣಸಿನಂತೆ ಸುಕ್ಕಾಗಿತ್ತು. ರಬ್ಬರ್ ಬಾಯಿಯ ಒಂದು ಕಡೆ ಹರಿದಿತ್ತು. ಪಂಪ್ ಎತ್ತಿದ ನೀರಿನ ಬಹುಪಾಲು ಒಳಗೆಯೇ ಚೆಲ್ಲಿಹೋಗಿ, ಮೇಲಕ್ಕೆ ಏರಿದ್ದು ಆ ತೊಟ್ಟು ಮಾತ್ರ. ಪಿಸ್ಟನ್, ರಿಂಗು, ಹೆಡ್ ಗ್ಯಾಸ್ಕೆಟ್ ಎಲ್ಲವನ್ನೂ ಬದಲಿಸಬೇಕಾಯಿತು, ಸಿಲಿಂಡರನ್ನು ಕೊರೆಸಬೇಕಾಯಿತು. “ಕೂರುವ ಹಾಗಿದ್ದರೆ ಅದು ಕೈಯಲ್ಲೇ ಕೂರ್ತದೆ ಮಾರಾಯ್ರೆ, ಬೋಲ್ಟ್ ಇರುವುದು ಹಿಡಿದುಕೊಳ್ಳಲಿಕ್ಕೆ, ಎಳೆಯಲಿಕ್ಕೆ ಅಲ್ಲ” ಎಂದರು.

ಅವರು ತೋರಿಸಿಕೊಟ್ಟಂತೆ ಈಗ ನಾನು ಮಾಡುವ ಕ್ರಮವನ್ನು ಹೇಳಿಬಿಡುತ್ತೇನೆ. ಮೊದಲು ಪ್ಲಗ್ಗಿನ ವೈರನ್ನು ಕಳಚಿಡುತ್ತೇನೆ. ಕೊಳವೆಯ ತುದಿಗೂ ರಬ್ಬರ್ ಬಾಯಿಗೂ ಸ್ವಲ್ಪ ಗ್ರೀಸ್ ಸವರಿ, ಗೇರ್ ಕೇಸನ್ನು ಒಬ್ಬರು ಮೇಲಕ್ಕೆತ್ತುವಾಗ ಇನ್ನೊಬ್ಬರು ಸಂದಿನಲ್ಲಿ ಟಾರ್ಚ್ ಹಿಡಿದು, ಕೊಳವೆ ಬಾಯೊಳಗೆ ಇಳಿಯುವವರೆಗೆ ಅದನ್ನು ಬೆರಳಿನಿಂದಲೋ ಉದ್ದನೆಯ ಕಡ್ಡಿಯಿಂದಲೋ ನೇರ ಹಿಡಿಯಬೇಕು. ಇದು ಒಂಟಿಯಾಗಿ ಮಾಡುವ ಕೆಲಸವಲ್ಲ. ಸಂದು ಪೂರ್ತಿ ಮುಚ್ಚಿ ಲೋಹಕ್ಕೆ ಲೋಹ ತಾಗಿದ ಮೇಲೆಯೇ ಬೋಲ್ಟ್ ಹಾಕುವುದು. ಉಗುರಿನಷ್ಟು ಉಳಿದರೂ ಇಳಿಸಿ ಮತ್ತೆ ಎತ್ತುವುದು. ಕಂಬಿಯ ಕೀಲು ಬಿಗಿದ ಬಳಿಕ ಮುಂದೆ, ನ್ಯೂಟ್ರಲ್, ಹಿಂದೆ ಮೂರರಲ್ಲಿಯೂ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡುವುದು. ಗೇರ್ ಆಯಿಲನ್ನು ಕೆಳಗಿನ ತೂತಿನಿಂದ, ಮೇಲಿನದರಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ ತುಂಬಿ, ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದನ್ನು ಹೊಸ ವಾಷರ್ ಸಮೇತ ಹಾಕುವುದು.

ಡ್ರಮ್ಮಿನಲ್ಲಿ ಧಾರೆ ಪೆನ್ಸಿಲ್ ದಪ್ಪಕ್ಕೆ ಬಾರದಿದ್ದರೆ, ಕಾರಣ ಕುಂಬಾರ ಹುಳವೇ ಇರಲಿ ಬೇರೇನೇ ಇರಲಿ, ಎಂಜಿನ್ ಹೊಳೆಗೆ ಇಳಿಯುವುದಿಲ್ಲ. ಡ್ರಮ್ಮಿನ ಪರೀಕ್ಷೆ ಮುಗಿದ ಮೇಲೆ ದೋಣಿಯನ್ನು ಉದ್ದನೆಯ ಹಗ್ಗದಲ್ಲಿ ದಡದ ಮರಕ್ಕೆ ಕಟ್ಟಿ, ಪ್ರೊಪೆಲ್ಲರ್ ಹಾಕಿಯೇ, ಯಾರೂ ನೀರಿಗಿಳಿಯದೆ ಇಪ್ಪತ್ತು ನಿಮಿಷ ಓಡಿಸುತ್ತೇವೆ. ಈ ಮೇ ತಿಂಗಳಲ್ಲಿ ಟಾರ್ಚ್ ಹಿಡಿದದ್ದು ತಮ್ಮನೇ. ಮೂರನೆಯ ಸಲ ಎತ್ತಿದಾಗ ಕೊಳವೆ ಸರಿಯಾಗಿ ಇಳಿಯಿತು.